ಕೆನೈ ಕಾಡಿನ ಗ್ಯಾಸೋ, ಹಡಗಿನ ಗ್ಯಾಸೋ?
ಅಲಾಸ್ಕಾದ ಕೆನೈ ವನ್ಯಜೀವಿ ಧಾಮದಲ್ಲಿ ಗ್ಯಾಸ್ ತೆಗೆಯೋದಕ್ಕೆ ಅಲ್ಲಿನ ಸ್ಥಳೀಯ ಆಡಳಿತ ಬೆಂಬಲ ಕೊಡಬೇಕಾ, ಹೊರಗಿಂದ ಹಡಗಿನಲ್ಲಿ ದ್ರವ ರೂಪದ ಗ್ಯಾಸ್ ತರಿಸಬೇಕಾ ಅಂತ ಕೇಳಿದ್ದೀರಿ.

ಮೊದಲು ದುಡ್ಡು. ಧಾಮದ ಗ್ಯಾಸ್ ಊರ ಪಕ್ಕದ್ದು, ಪೈಪ್ ಹತ್ತಿರ, ಕೆಲಸ ಮತ್ತು ಆಸ್ತಿ ತೆರಿಗೆ ಊರಲ್ಲೇ ಉಳಿಯುತ್ತೆ. ಹಡಗಿನದ್ದಕ್ಕೆ ದ್ರವ ಮಾಡೋ ಖರ್ಚು, ಸಾಗಣೆ ಎಲ್ಲಾ ಸೇರುತ್ತೆ. ತಮಾಷೆ ನೋಡಿ, 1969ರಿಂದ ಜಪಾನಿಗೆ ಗ್ಯಾಸ್ ಕಳಿಸಿದ್ದ ಕೆನೈಯಲ್ಲೇ ಈಗ ಆಮದಿನ ಮಾತು!

ಭರವಸೆ? ಬಾವಿ ಕೊರೆದರೂ ಗ್ಯಾಸ್ ಎಷ್ಟು ಸಿಗುತ್ತೆ ಅಂತ ಹೇಳಕ್ಕಾಗಲ್ಲ. ಹಡಗು ಒಪ್ಪಂದದ ಪ್ರಕಾರ ಬರುತ್ತೆ, ಆದರೆ ಬೆಲೆ ಹೊರಗಿನ ಮಾರುಕಟ್ಟೆಯ ಕೈಲಿ.

ಇನ್ನು ಕಾಡು. 1941ರಲ್ಲಿ ಮೂಸ್ ಅನ್ನೋ ದೊಡ್ಡ ಜಾತಿಯ ಜಿಂಕೆಗಳಿಗೆಂದೇ ಮೀಸಲಿಟ್ಟ ಜಾಗ ಇದು, ಆದರೂ 1957ರಲ್ಲಿ ಸ್ವಾನ್ಸನ್ ನದಿ ಬಳಿ ಎಣ್ಣೆ ಸಿಕ್ಕಿತು, ಆಮೇಲೆ ಅಲ್ಲಿ ಪಿಸಿಬಿ ಅನ್ನೋ ವಿಷ ರಾಸಾಯನಿಕ ಬೆರೆತ ಮಣ್ಣನ್ನು ಅಗೆದು ಸುಡಬೇಕಾಯಿತು. ಬಾವಿಗಿಂತ ರಸ್ತೆಯೇ ಜಾಸ್ತಿ ತೊಂದರೆ, ಒಮ್ಮೆ ಜಲ್ಲಿ ಹಾಕಿದ ದಾರಿ ಸುಮ್ನೆ ಮಾಯವಾಗಲ್ಲ. ಇನ್ನೊಂದು ತೊಡಕು: ಧಾಮದ ಕೆಲವು ಕಡೆ ಮೇಲಿನ ನೆಲ ಸರ್ಕಾರದ್ದು, ಕೆಳಗಿನ ಗ್ಯಾಸ್ ಮೂಲನಿವಾಸಿಗಳ ಸಂಸ್ಥೆಯದ್ದು. ಅವರಿಗೆ ದಾರಿ ಕೊಡಬೇಕು ಅಂತ 1980ರ ಕಾನೂನೇ ಹೇಳುತ್ತೆ. ಹಾಗಾಗಿ ಅಲ್ಲಿ ಸ್ಥಳೀಯರ 'ಬೇಡ'ಕ್ಕೆ ತೂಕ ಕಮ್ಮಿ.

ಹಳೇ ರಸ್ತೆ ಪಕ್ಕದ ಬಾವಿಯಾದರೆ ನಾನು ಬೆಂಬಲದ ಕಡೆ. ಹೊಸ ರಸ್ತೆ ಜೌಗಿನ ಮೇಲೆ ಹೋಗುತ್ತೆ ಅಂದರೆ ಹಡಗೇ ಸರಿ. ಕರೆಂಟಿಗಷ್ಟೇ ಚಿಂತೆ ಅಂದರೆ 120 ಮೆಗಾವ್ಯಾಟ್‌ನ ಬ್ರಾಡ್ಲಿ ಲೇಕ್ ಜಲವಿದ್ಯುತ್ ಇದೆ, ಆದರೆ ಗ್ಯಾಸ್ ಹೀಟರ್ ಇರೋ ಮನೆ ಅದರಿಂದ ಬೆಚ್ಚಗಾಗಲ್ಲ ಅಲ್ವಾ?