ಓಮ್ನಿಗೊಂದು ಗುಪ್ತ ಸ್ವಿಚ್: ಪಂಪ್‌ವೆಲ್ ಬಳಿಯ ವಯರಿಂಗ್ ಅಂಗಡಿಯ ಕೆಲಸ

ಮಾರುತಿ ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲಿ ನಿಂತರೂ ಅದಕ್ಕೆ ಇಂದಿಗೂ ಗಿರಾಕಿಗಳಿದ್ದಾರೆ. ಎಲ್ಲರೂ ಹಣ ಕೊಟ್ಟು ಕೊಳ್ಳುವವರಲ್ಲ ಎಂಬುದಷ್ಟೇ ತೊಂದರೆ. ಇಮ್ಮೊಬಿಲೈಸರ್ (ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ) ಇಲ್ಲದ ನಮ್ಮ ಹಳೆಯ ಗಾಡಿಯ ಬಾಗಿಲು ಪರಿಚಿತರೊಬ್ಬರ ಓಮ್ನಿಯ ಸವೆದ ಕೀಲಿಗೂ ತೆರೆದುಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ, ಮಂಗಳೂರಿನ ಪಂಪ್‌ವೆಲ್ ಬಳಿಯ ವಯರಿಂಗ್ ಅಂಗಡಿಯೊಂದರಲ್ಲಿ, ಕಳ್ಳನ ಕೈಗೆ ಗಾಡಿ ಓಡದಂತೆ ತಡೆಯುವ ಗುಪ್ತ ಸ್ವಿಚ್ ಹಾಕಿಸಿದೆ. ಸಾಮಾನು, ಕೂಲಿ ಸೇರಿ 850 ರೂಪಾಯಿ ತಗಲಿತು. ಕೆಲಸ ಒಂದೂವರೆ ಗಂಟೆ ಹಿಡಿಯಿತು.

ಯಾವ ವಯರನ್ನು ತಡೆಯಬೇಕು ಎಂಬ ಬಗ್ಗೆ ಅಂಗಡಿಯವರಿಗೆ ಖಚಿತ ಅಭಿಪ್ರಾಯವಿದೆ. ಸ್ಟಾರ್ಟರ್‌ಗೆ ಹೋಗುವ ವಯರನ್ನು ತಡೆದರೆ, ಗಾಡಿಯನ್ನು ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಚಾಲೂ ಮಾಡಬಹುದು. ಮಂಗಳೂರಿನ ಇಳಿಜಾರುಗಳಲ್ಲಿ ತಳ್ಳುವ ಕಷ್ಟವೂ ಇಲ್ಲ. ಹಾಗಾಗಿ ಅವರು ಆರಿಸಿದ್ದು, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನವನ್ನು. ಅದರಲ್ಲಿಯೂ ಪಂಪಿಗೆ ಕರೆಂಟ್ ಒಯ್ಯುವ ದಪ್ಪ ವಯರನ್ನು ಮುಟ್ಟದೆ, ರಿಲೇಯ ಕಾಯಿಲ್‌ಗೆ (ಅದನ್ನು ಆನ್ ಮಾಡುವ ತಂತಿಸುರುಳಿಗೆ) ಹೋಗುವ ಸಣ್ಣ ವಯರಿನ ನಡುವೆ ಸ್ವಿಚ್ ಕೂರಿಸಿದರು. ದಪ್ಪ ವಯರಿನಲ್ಲಿ ಕೆಲವು ಆಂಪಿಯರ್ ಹರಿಯುವುದರಿಂದ ಅಗ್ಗದ ಸ್ವಿಚ್ಚಿನ ಒಳಗಿನ ಪಾಯಿಂಟ್‌ಗಳು ಬಿಸಿಯಾಗಿ ಸುಡುತ್ತವೆ. ಕಾಯಿಲ್‌ನಲ್ಲಿ ಹರಿಯುವುದು ಅದರ ಅಲ್ಪ ಭಾಗ ಮಾತ್ರ. ವಯರುಗಳನ್ನು ಬರಿದೆ ತಿರುಚಿ ಟೇಪ್ ಸುತ್ತದೆ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು ಲೈಟರಿನಿಂದ ಬಿಸಿಮಾಡಿ ಬಿಗಿಗೊಳಿಸಿ, ಪ್ರತಿ ಜೋಡಣೆಯನ್ನೂ ಒಮ್ಮೆ ಜಗ್ಗಿ ನೋಡಿದರು.

ಕೀಲಿ ತಿರುಗಿಸಿದಾಗ ಹಿಂದಿನ ಟ್ಯಾಂಕಿನಿಂದ ಒಂದೆರಡು ಸೆಕೆಂಡು ಕೇಳುವ ಗುಂಯ್ ಸದ್ದು, ಸ್ವಿಚ್ ಆಫ್ ಮಾಡಿದರೆ ಕೇಳುವುದಿಲ್ಲ. ಆದರೆ ಬಿಸಿ ಎಂಜಿನ್ನಿನ ಮೇಲೆ ಪರೀಕ್ಷಿಸಿದಾಗ, ಪೈಪಿನಲ್ಲಿ ಉಳಿದ ಒತ್ತಡದಿಂದಾಗಿ ಗಾಡಿ ಚಾಲೂ ಆಗಿ ಕೆಲವು ಸೆಕೆಂಡುಗಳ ನಂತರ ನಿಂತಿತು. ಕಳ್ಳ ಅಂಗಳದಿಂದ ರಸ್ತೆಯವರೆಗಾದರೂ ಒಯ್ಯಬಲ್ಲ ಎಂದು ನಾನು ಆಕ್ಷೇಪಿಸಿದಾಗ ಅವರು, “ರಸ್ತೆ ಮಧ್ಯ ನಿಂತರೆ ಅವನೇ ಬಿಟ್ಟು ಓಡ್ತಾನೆ ಮಾರಾಯ್ರೆ” ಎಂದು ನಕ್ಕರು. ನನಗೆ ಅಷ್ಟು ಭರವಸೆ ಇಲ್ಲ.

ಸ್ವಿಚ್ಚಿನ ಸ್ಥಳದ ವಿಚಾರದಲ್ಲಿ ಅವರ ಸಲಹೆ ಮೆಚ್ಚುವಂಥದ್ದು. ಅಂಗಡಿಯಲ್ಲಿ ಕೆಲಸ ಕಲಿಯುವ ಇಬ್ಬರು ಹುಡುಗರು ನೋಡುತ್ತ ನಿಂತಿದ್ದರಿಂದ, ವಯರನ್ನು ಎರಡು ಅಡಿ ಹೆಚ್ಚೇ ಬಿಟ್ಟು, ಮನೆಗೆ ಹೋಗಿ ಬೇಕಾದಲ್ಲಿ ನಾನೇ ಕೂರಿಸಿಕೊಳ್ಳುವಂತೆ ಹೇಳಿದರು. ಹಾಗೆಯೇ ಮಾಡಿದ್ದೇನೆ. ಎಲ್ಲಿ ಎಂಬುದನ್ನು ಇಲ್ಲಿ ಬರೆಯುವಷ್ಟು ದಡ್ಡ ನಾನಲ್ಲ. ಆದರೆ ಅದನ್ನು ಸರ್ವೀಸಿನವರಿಗೂ ಹೇಳಲು ಮರೆತಿದ್ದೆ. ಅವರು ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿ ಇಳಿಸಿಟ್ಟರು. ತಪ್ಪು ನನ್ನದೇ.

ಅಂಗಡಿಯ ತಪ್ಪು ಬೇರೆ. ಜೂನ್ ಮಳೆಗೆ ಒಂದು ತಿಂಗಳಾಗುವಷ್ಟರಲ್ಲಿ ನಂತೂರು ವೃತ್ತದ ಬಳಿ, ಹಿಂದೆ ಲಾರಿಗಳ ಸಾಲಿರುವಾಗ, ಗಾಡಿ ಏಕಾಏಕಿ ನಿಂತಿತು. ರಿಲೇಯ ಕಡೆ ಬೆಸುಗೆ ಹಾಕಿದವರು ಸ್ವಿಚ್ಚಿನ ತುದಿಯಲ್ಲಿ ಮಾತ್ರ ಒತ್ತಿ ಕೂರಿಸುವ ಲಗ್ (ವಯರಿನ ತುದಿಯ ಲೋಹದ ಕೊಂಡಿ) ಬಳಸಿದ್ದರು. ನಮ್ಮ ಕರಾವಳಿಯ ತೇವಕ್ಕೆ ಅದು ಹಸಿರು ಕಿಲುಬು ಹಿಡಿದಿತ್ತು. ಕರೆದಾಗ ತಕರಾರಿಲ್ಲದೆ ಬಂದು, ಹಣ ಪಡೆಯದೆ ಅಲ್ಲಿಯೂ ಬೆಸುಗೆ ಹಾಕಿ ಗ್ರೀಸ್ ಹಚ್ಚಿಕೊಟ್ಟರು. ಆದರೂ ಸಮುದ್ರದ ಗಾಳಿಯ ಊರಿನಲ್ಲಿ ವಯರಿಂಗ್ ಮಾಡುವವರಿಗೆ ಇದು ಮೊದಲೇ ಹೊಳೆಯಬೇಕಿತ್ತು.

ವಿಮೆಯಲ್ಲಿ ಇದರಿಂದ ಯಾವ ರಿಯಾಯಿತಿಯೂ ಸಿಗದು. ಕಳ್ಳತನ ತಡೆಯುವ ಸಾಧನಕ್ಕೆ ಮೋಟಾರು ವಿಮೆಯ ಟಾರಿಫ್‌ನಲ್ಲಿರುವ 2.5 ಶೇಕಡಾ ರಿಯಾಯಿತಿ, ಅದೂ ಗರಿಷ್ಠ 500 ರೂಪಾಯಿ, ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನಗಳಿಗೆ ಮಾತ್ರ ಅನ್ವಯಿಸುತ್ತದೆ. ವಾರಂಟಿ ಮುಗಿಯದ ಗಾಡಿಯವರು ವಯರು ಕತ್ತರಿಸುವ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ನಮ್ಮಂತಹ ಹಳೆಯ ಗಾಡಿಯವರು ಹೋಗಬಹುದು; ಹೋದರೆ ಸ್ವಿಚ್ಚಿನ ತುದಿಗೂ ಬೆಸುಗೆ ಹಾಕುವಂತೆ ಹೇಳಿ, ಬಿಲ್ಲನ್ನು ಕೇಳಿಯೇ ಪಡೆಯಿರಿ, ತಾವಾಗಿ ಕೊಡುವುದಿಲ್ಲ.