ಸಿಂಹದ ಮರಿಗೆ ಹಾಲು ಕುಡಿಸಲು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ವೆಟರ್ನರಿ ಓದುತ್ತಿರುವವರು, ಈಗಷ್ಟೇ ಮುಗಿಸಿದವರು, ಪ್ರಾಣಿ ಅಂದ್ರೆ ಜೀವ ಬಿಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದಕ್ಷಿಣ ಆಫ್ರಿಕಾಕ್ಕೆ ಬನ್ನಿ, ವಾಲಂಟಿಯರ್ ಆಗಿ ಅನಾಥ ಸಿಂಹದ ಮರಿಗಳನ್ನು ಸಾಕಿ, ಸಂರಕ್ಷಣೆಗೆ ಕೈ ಜೋಡಿಸಿ ಅನ್ನೋ ಜಾಹೀರಾತು ನೀವೂ ನೋಡಿರುತ್ತೀರಿ. ನಾನು ಹೋಗಿ ಬಂದವಳು. ನೀವು ಹೋಗಬೇಡಿ.

2023ರ ಜೂನ್. ನನ್ನ ಇಂಟರ್ನ್‌ಶಿಪ್ ಮುಗಿದು ಎರಡು ತಿಂಗಳಾಗಿತ್ತು. ಐದೂವರೆ ವರ್ಷ ಹಸು, ಎಮ್ಮೆ, ಕುರಿ, ನಾಯಿ ನೋಡಿದ್ದೆ. ಕಾಡುಪ್ರಾಣಿಗಳ ಕೆಲಸ ಕಲಿಯಬೇಕು ಅನ್ನೋದು ಮೊದಲಿಂದಲೂ ಇದ್ದ ಆಸೆ. ನಾಲ್ಕು ವಾರಕ್ಕೆ 1 ಲಕ್ಷ 85 ಸಾವಿರ, ವಿಮಾನದ ಟಿಕೆಟ್ ಬೇರೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡನ್ನು ಅಪ್ಪ ಹಾಗೇ ತೆಗೆದು ಕೊಟ್ಟರು. "ಕಲಿಯಕ್ಕೆ ತಾನೇ ಹೋಗ್ತಿರೋದು, ಹೋಗ್ಬಾ ಮಗ" ಅಂದರು.

"ವೀಸಾ ಅರ್ಜಿಯಲ್ಲಿ ವಾಲಂಟಿಯರ್ ಅಂತ ಬರೀಬೇಡಿ, ಪ್ರವಾಸ ಅಂತ ಹಾಕಿ ಸಾಕು" ಅಂತ ಏಜೆನ್ಸಿಯವರು ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನನ್ನ ಓದಿನ ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ. ರೇಬೀಸ್ ಲಸಿಕೆ ಆಗಿದೆಯಾ ಅಂತಲೂ ಕೇಳಲಿಲ್ಲ. ಬಾಕಿ ಯಾವಾಗ ಕಟ್ಟುತ್ತೀರಿ ಅಂತ ಮಾತ್ರ ಮೂರು ಸಲ ಫೋನ್ ಮಾಡಿದರು.

ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು, ಅಲ್ಲಿಂದ ವ್ಯಾನಿನಲ್ಲಿ ಫ್ರೀ ಸ್ಟೇಟ್ ಪ್ರಾಂತ್ಯದ ಒಂದು ಫಾರಂಗೆ ಹೋದೆವು. ಅಲ್ಲಿ ಜೂನ್ ಅಂದರೆ ಚಳಿಗಾಲ. ಒಣಗಿದ ಹಳದಿ ಹುಲ್ಲು, ಬೆಳಗ್ಗೆ ಎದ್ದರೆ ಅದರ ಮೇಲೆ ಮಂಜುಗಡ್ಡೆಯ ಪುಡಿ, ದಿನಕ್ಕೆ ಮೂರ್ನಾಲ್ಕು ಸಲ ಲೋಡ್ ಶೆಡ್ಡಿಂಗ್. ನಾವು 14 ಜನ ಇದ್ದೆವು. ಹೆಚ್ಚಿನವರು ಯುರೋಪಿನಿಂದ ಬಂದ 18, 19 ವರ್ಷದ ಹುಡುಗ ಹುಡುಗಿಯರು.

ಮೊದಲ ದಿನವೇ ಒಂದು ಮರಿಯನ್ನು ನನ್ನ ತೊಡೆ ಮೇಲೆ ಇಟ್ಟರು. ಸುಮಾರು ಮೂರು ವಾರದ ಮರಿ. ಬೆಚ್ಚಗಿತ್ತು, ನನ್ನ ಬೆರಳು ಚೀಪುತ್ತಿತ್ತು. ನನಗೆ ಅಳು ಬಂದುಬಿಟ್ಟಿತು. ಹೆಸರಿಡಿ ಅಂದರು. ಪುಟ್ಟ ಅಂತ ಇಟ್ಟೆ. ತಾಯಿ ಹತ್ತಿರ ಸೇರಿಸುತ್ತಿಲ್ಲ, ಅದಕ್ಕೇ ನಾವು ಸಾಕುತ್ತಿದ್ದೇವೆ, ದೊಡ್ಡವಾದ ಮೇಲೆ ಕಾಡಿಗೆ ಬಿಡುತ್ತೇವೆ ಅಂದರು. ನಂಬಿದೆ.

ನಾಲ್ಕು ಗಂಟೆಗೊಮ್ಮೆ ಬಾಟಲಿ ಹಾಲು. ಮೊದಲ ವಾರ ಅದೇ ನನ್ನ ಪ್ರಪಂಚ. ಆದರೆ ಬೆಳಗ್ಗೆ ಹತ್ತಕ್ಕೆ ಗೇಟು ತೆಗೆದರೆ ಪ್ರವಾಸಿಗರು ಬರುತ್ತಿದ್ದರು. ಅರ್ಧ ಗಂಟೆ ಮರಿ ಮುದ್ದಾಡಲು ಟಿಕೆಟ್. ಆ ವಯಸ್ಸಿನ ಮರಿ ದಿನದ ಹೆಚ್ಚಿನ ಹೊತ್ತು ಮಲಗಿರಬೇಕು. ಇಲ್ಲಿ ನಿದ್ದೆಗೆ ಜಾರಿದ ಮರಿಯನ್ನು ಎತ್ತಿ ಎತ್ತಿ ಇನ್ನೊಬ್ಬರ ಮಡಿಲಿಗೆ ಹಾಕುತ್ತಿದ್ದರು. ಸ್ವಲ್ಪ ದೊಡ್ಡ ಮರಿ ಪರಚಿದರೆ ಮೂಗಿನ ಮೇಲೆ ಹೊಡೆಯಿರಿ ಅಂತ ನಮಗೆ ಹೇಳಿಕೊಟ್ಟಿದ್ದರು. ಪುಟ್ಟನಿಗೆ ಭೇದಿ ಶುರುವಾಯಿತು. ನನ್ನ ಎರಡೂ ತೋಳಿಗೆ ಹುಳಕಡ್ಡಿ ಹತ್ತಿತು, ಮರಿಗಳ ಮೈಯಿಂದ ಬಂದದ್ದು. ಅದೇ ಮರಿಗಳನ್ನು ಪ್ರವಾಸಿಗರ ಎಳೆ ಮಕ್ಕಳ ಕೈಗೂ ಕೊಡುತ್ತಿದ್ದರು.

ಆರು ತಿಂಗಳಿನ ಎರಡು ಮರಿಗಳ ಮುಂಗಾಲು ಬಿಲ್ಲಿನ ಹಾಗೆ ಬಾಗಿದ್ದವು. ಅವಕ್ಕೆ ಮೂಳೆ ತೆಗೆದ ಕೋಳಿ ಮಾಂಸ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ, ಬೆಳೆಯುವ ಮರಿಯ ಎಲುಬು ಮೆತ್ತಗಾಗುತ್ತದೆ. ಇದು ನಮ್ಮ ಕಾಲೇಜಿನ ಪಾಠ. ಮ್ಯಾನೇಜರ್‌ಗೆ ಹೇಳಿದೆ. ಕ್ಯಾಲ್ಸಿಯಂ ಪುಡಿ ಮುಂದಿನ ವಾರ ಬರುತ್ತದೆ ಅಂದರು. ನಾನಿದ್ದಷ್ಟು ದಿನ ಬರಲಿಲ್ಲ.

ಎರಡನೇ ವಾರ ರಾತ್ರಿ ಪಾಳಿಯಲ್ಲಿ ಅಲ್ಲಿನ ಕೆಲಸಗಾರರೊಬ್ಬರು ಜೊತೆಗಿದ್ದರು. ನನ್ನನ್ನು 'ಔಸಿ' ಅಂತ ಕರೆಯುತ್ತಿದ್ದರು, ಅವರ ಸೊಥೊ ಭಾಷೆಯಲ್ಲಿ ಅಕ್ಕ ಅಂತ. ಪುಟ್ಟನ ತಾಯಿ ಯಾಕೆ ಹತ್ತಿರ ಸೇರಿಸಲಿಲ್ಲ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಔಸಿ, ಅದು ಸೇರಿಸಿಕೊಂಡಿತ್ತು. ನಾಲ್ಕನೇ ದಿನ ನಾವೇ ಎತ್ತಿಕೊಂಡು ಬಂದೆವು. ಮೂರು ರಾತ್ರಿ ಕೂಗಿತು."

ಕರು ಕಳಕೊಂಡ ಹಸು ಹಟ್ಟಿಯಲ್ಲಿ ಕೂಗುವುದನ್ನು ಕೇಳುತ್ತ ಬೆಳೆದವಳು ನಾನು. ಆ ರಾತ್ರಿ ಬಾಟಲಿ ಹಿಡಿದ ಕೈ ನಡುಗಿತು. ಅಲ್ಲಿಯವರೆಗೆ ನಾನು ತಾಯಿ ಇಲ್ಲದ ಮರಿಗೆ ಹಾಲು ಕುಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ದುಡ್ಡು ಕೊಟ್ಟು ಬರುತ್ತೇನೆ ಅಂತಲೇ ಅದನ್ನು ತಾಯಿಯಿಂದ ಬಿಡಿಸಿದ್ದರು.

ಮಾರನೇ ದಿನ ಹಿಂದಿನ ಬೇಲಿಗಳ ಕಡೆ ಹೋಗಿ ನೋಡಿದೆ. ಆ ಕಡೆ ವಾಲಂಟಿಯರ್‌ಗಳು ಹೋಗುವಂತಿರಲಿಲ್ಲ. ಸಾಲಾಗಿ ಹೆಣ್ಣು ಸಿಂಹಗಳು. ಕಾಡಿನಲ್ಲಿ ಹೆಣ್ಣು ಸಿಂಹ ಮರಿಗಳನ್ನು ಸುಮಾರು ಎರಡು ವರ್ಷ ಜೊತೆಗೆ ಇಟ್ಟುಕೊಂಡು ಬೇಟೆ ಕಲಿಸುತ್ತದೆ, ಅಲ್ಲಿಯವರೆಗೆ ಮತ್ತೆ ಮರಿ ಹಾಕುವುದಿಲ್ಲ. ಮರಿ ಕಿತ್ತುಕೊಂಡರೆ ಕೆಲವೇ ವಾರಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಗಬ್ಬ ಮೂರೂವರೆ ತಿಂಗಳು. ಲೆಕ್ಕ ನೀವೇ ಹಾಕಿ. ಮುದ್ದಾಡಲು ಸಣ್ಣ ಮರಿ ವರ್ಷವಿಡೀ ಸಿಗುವುದು ಹೀಗೆ.

ದೊಡ್ಡವಾದ ಮೇಲೆ ಕಾಡಿಗೆ ಬಿಡುವುದೂ ಸುಳ್ಳು. ಬಾಟಲಿಯಲ್ಲಿ ಬೆಳೆದ ಸಿಂಹಕ್ಕೆ ಬೇಟೆ ಗೊತ್ತಿಲ್ಲ, ಮನುಷ್ಯರ ಭಯವೂ ಇಲ್ಲ. ಅದನ್ನು ಯಾವ ಅಭಯಾರಣ್ಯವೂ ತೆಗೆದುಕೊಳ್ಳುವುದಿಲ್ಲ. ಈ ದಂಧೆಯಲ್ಲಿ ಅವು ಹೋಗುವ ದಾರಿ ಬೇರೆ. ಕೆಲವು ಮತ್ತೆ ಮರಿ ಹಾಕಿಸಲು. ಕೇಸರ ಬಂದ ಗಂಡುಗಳು ಬೇಲಿಯೊಳಗಿನ ಬೇಟೆಗೆ. ಮನುಷ್ಯ ಹತ್ತಿರ ಬಂದರೆ ಓಡಬೇಕು ಅಂತ ಗೊತ್ತಿಲ್ಲದ ಸಿಂಹವನ್ನು ದುಡ್ಡು ಕೊಟ್ಟವರು ಗುಂಡಿಟ್ಟು ಕೊಲ್ಲುತ್ತಾರೆ. ಉಳಿದದ್ದು ಮೂಳೆ ವ್ಯಾಪಾರಕ್ಕೆ, ಹುಲಿ ಮೂಳೆಯ ಬದಲಿಗೆ ಅಂತ ಆಗ್ನೇಯ ಏಷ್ಯಾಕ್ಕೆ ಹೋಗುತ್ತಿತ್ತು. ಇದು ಕದ್ದುಮುಚ್ಚಿ ನಡೆದದ್ದೂ ಅಲ್ಲ. 2017ರಲ್ಲಿ ಅಲ್ಲಿನ ಸರ್ಕಾರವೇ 800 ಸಿಂಹದ ಅಸ್ಥಿಪಂಜರ ರಫ್ತು ಮಾಡಬಹುದು ಅಂತ ಕೋಟಾ ಕೊಟ್ಟಿತ್ತು. 2019ರಲ್ಲಿ ಪ್ರಿಟೋರಿಯಾ ಹೈಕೋರ್ಟ್ ಆ ಕೋಟಾಗಳು ಕಾನೂನುಬಾಹಿರ ಅಂತ ಹೇಳಿತು. ಆ ದೇಶದಲ್ಲಿ ಹೀಗೆ ಸಾಕಿದ ಸಿಂಹಗಳು ಸಾವಿರಾರು. ಕಾಡಿನಲ್ಲಿರುವುದಕ್ಕಿಂತ ಬೇಲಿಯೊಳಗಿನವೇ ಜಾಸ್ತಿ.

2021ರ ಮೇ ತಿಂಗಳಲ್ಲೇ ಅಲ್ಲಿನ ಆಗಿನ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಈ ಸಿಂಹ ಸಾಕಣೆಯನ್ನೂ ಮರಿ ಮುದ್ದಾಡಿಸುವುದನ್ನೂ ನಿಲ್ಲಿಸುವ ದಾರಿ ಹಿಡಿಯುತ್ತೇವೆ ಅಂತ ಹೇಳಿದ್ದರು. ನಾನು ಹೋಗುವ ಎರಡು ವರ್ಷ ಮುಂಚೆ! ಹತ್ತು ನಿಮಿಷ ಹುಡುಕಿದ್ದರೆ ನನಗೆ ಸಿಗುತ್ತಿತ್ತು. ನಾನು ಹುಡುಕಿದ್ದು ಊಟ ಸಸ್ಯಾಹಾರ ಸಿಗುತ್ತದಾ ಅಂತ.

ಇನ್ನು 'ವೆಟ್ ಪ್ರಾಜೆಕ್ಟ್'. ಅದಕ್ಕೆ ಬೇರೆ 30 ಸಾವಿರ ಕಟ್ಟಿದ್ದೆ. ಬ್ಲೆಸ್‌ಬಾಕ್ ಅಂತ ಒಂದು ಪ್ರಾಣಿ ಇದೆ, ಜಿಂಕೆಯಷ್ಟು ಎತ್ತರ, ಮುಖದ ಮೇಲೆ ಬಿಳಿ ಪಟ್ಟೆ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ನಮಗೆ ತೋರಿಸಲು ಅರಿವಳಿಕೆ ಕೊಡುವುದು ಅಂತ ಆಯಿತು. ಮೊದಲ ಡಾರ್ಟ್ ತಪ್ಪಿತು. ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ ಎರಡನೆಯದು ಹೊಡೆದರು. ಬಿದ್ದ ಮೇಲೆ ನಾನು ಥರ್ಮಾಮೀಟರ್ ಇಟ್ಟೆ. 42 ಡಿಗ್ರಿ. ನೀರು ಹಾಕಿ, ಬೇಗ ಎಬ್ಬಿಸಿ ಅಂತ ಕೂಗಿದೆ. ಇನ್ನೂ ಆರು ಜನ ರಕ್ತ ತೆಗೆಯಬೇಕಿತ್ತು, ಫೋಟೊ ಬಾಕಿ ಇತ್ತು. ಅರಿವಳಿಕೆಗೆ ಎಟಾರ್ಫಿನ್ ಕೊಟ್ಟಿದ್ದರು. ಮನುಷ್ಯರ ಮೈಗೆ ಒಂದು ಹನಿ ಸೇರಿದರೂ ಪ್ರಾಣಕ್ಕೆ ಅಪಾಯ ಇರುವ ಔಷಧಿ ಅದು. ಆ ಸಿರಿಂಜಿನ ಪಕ್ಕ ಗ್ಲೌಸ್ ಇಲ್ಲದೆ ಓದು ಮುಗಿಸದ ಮಕ್ಕಳು ನಿಂತಿದ್ದರು. ಅಲ್ಲಿನ 1982ರ ಕಾಯ್ದೆ ಪ್ರಕಾರ ವೆಟರ್ನರಿ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಈ ಕೆಲಸ ಮಾಡುವ ಹಾಗಿಲ್ಲ. ಅಂದರೆ ನಾನೂ ಮಾಡುವ ಹಾಗಿರಲಿಲ್ಲ.

ಮೂರನೇ ದಿನಕ್ಕೆ ಅದರ ಹಿಂಗಾಲು ಸೆಟೆದುಕೊಂಡಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಓಡಿ ಓಡಿ ಸ್ನಾಯು ಒಡೆದು, ಅದು ಕಿಡ್ನಿಗೆ ಇಳಿದಿತ್ತು. ಸಂಜೆ ಹೊತ್ತಿಗೆ ಸತ್ತಿತು. ನಾನು ಆರು ದಿನ ಮುಂಚೆಯೇ ಹೊರಟೆ. ಒಂದು ರೂಪಾಯಿ ವಾಪಸ್ ಬರಲಿಲ್ಲ.

ಹೋಗಲೇಬೇಕು ಅಂತ ಇರುವವರು ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ. ಪ್ರಾಣಿಯನ್ನು ಮುಟ್ಟಲು, ಎತ್ತಿಕೊಳ್ಳಲು ಬಿಡುತ್ತೀರಾ? ಹೌದು ಅಂದರೆ ಅಲ್ಲಿಗೇ ನಿಲ್ಲಿಸಿ. ಅಲ್ಲಿ ಮರಿ ಹಾಕಿಸುತ್ತಾರಾ? ಹೋದ ವರ್ಷದ ಮರಿಗಳು ಈಗ ಎಲ್ಲಿವೆ, ಜಾಗದ ಹೆಸರು ಹೇಳಿ ಅನ್ನಿ. ನನ್ನ ಈ ಪ್ರಶ್ನೆಗೆ ಬಂದ ಉತ್ತರ "ಬೇರೆ ರಿಸರ್ವ್‌ಗೆ" ಅಂತ ಅಷ್ಟೇ. ಪ್ರಾಣಿಧಾಮಗಳನ್ನು ಪರಿಶೀಲಿಸುವ ಗ್ಲೋಬಲ್ ಫೆಡರೇಶನ್ ಆಫ್ ಆನಿಮಲ್ ಸ್ಯಾಂಕ್ಚುರೀಸ್ ಅನ್ನೋ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ನಿಮ್ಮ ಡಿಗ್ರಿ, ನಿಮ್ಮ ಲಸಿಕೆ ಕೇಳದವರು ಪ್ರಾಣಿಯ ಬಗ್ಗೆಯೂ ಕೇಳಿರುವುದಿಲ್ಲ. ಸರಿಯಾದ ಜಾಗದಲ್ಲಿ ನಿಮಗೆ ಬೇಲಿ ರಿಪೇರಿ, ಕಳೆ ಕೀಳುವುದು, ಕ್ಯಾಮೆರಾ ಟ್ರ್ಯಾಪ್ ಫೋಟೊ ವಿಂಗಡಿಸುವುದು ಇಂಥ ಕೆಲಸ ಸಿಗುತ್ತದೆ. ಸಿಂಹ ದೂರದಲ್ಲಿ ಎಲ್ಲೋ ಕಾಣುತ್ತದೆ, ಕಾಣದೆಯೂ ಇರಬಹುದು. ನಮ್ಮ ಬನ್ನೇರುಘಟ್ಟದಲ್ಲೂ ಸರ್ಕಸ್‌ನಿಂದ ಬಿಡಿಸಿ ತಂದ ಸಿಂಹಗಳಿದ್ದವು. ಅವುಗಳನ್ನು ಯಾರ ತೊಡೆ ಮೇಲೂ ಕೂರಿಸಲಿಲ್ಲ.

ಒಂದು ಮಾತು ಉಳಿದಿದೆ. ಪುಟ್ಟನನ್ನು ಎತ್ತಿಕೊಂಡ ನನ್ನ ಫೋಟೊವನ್ನು ಆ ಏಜೆನ್ಸಿಯವರು ಈಗಲೂ ಜಾಹೀರಾತಿಗೆ ಹಾಕುತ್ತಿದ್ದಾರೆ, ಕೆಳಗೆ ಭಾರತದ ಪಶುವೈದ್ಯೆ ಅಂತ ಬರೆದು. ತೆಗೆಯಿರಿ ಅಂತ ನಾಲ್ಕು ಸಲ ಬರೆದೆ, ಉತ್ತರ ಇಲ್ಲ. ಹಸಿರು ಸ್ವೆಟರ್, ಎರಡು ಜಡೆ, ಕೈಯಲ್ಲಿ ಬಾಟಲಿ. ಎಲ್ಲಾದರೂ ಕಂಡರೆ ಅದು ನಾನೇ. ಆ ಫೋಟೊ ನೋಡಿ ದುಡ್ಡು ಕಟ್ಟಬೇಡಿ.