ಗಾಳಿ ಗನ್ನಾ, ರಬ್ಬರ್ ಗನ್ನಾ? ಸಿಡ್ನಿ ನೀರಲ್ಲಿ ಎರಡೂ ಬಳಸಿದ್ಮೇಲೆ ನನ್ನ ಲೆಕ್ಕ

ಮೊದ್ಲೇ ಹೇಳ್ಬಿಡ್ತೀನಿ, ಒಂದೇ ಸ್ಪಿಯರ್‌ಗನ್ (ನೀರೊಳಗೆ ಮೀನಿಗೆ ಈಟಿ ಹೊಡೆಯೋ ಗನ್) ತಗೊಳೋ ಹಾಗಿದ್ರೆ ರಬ್ಬರ್ ಬ್ಯಾಂಡ್‌ದೇ ತಗೊಳಿ, 90 ಇಲ್ಲಾ 100 ಸೆಂಟಿಮೀಟರ್ ರೈಲ್ ಗನ್, ಅಂದ್ರೆ ಈಟಿ ಮಲಗೋಕೆ ಉದ್ದಕ್ಕೂ ಹಳಿ ಇರೋದು. ಆತುರ ಇರೋರು ಇಲ್ಲಿಗೇ ನಿಲ್ಲಿಸ್ಬಹುದು. ಆದ್ರೆ ಇಲ್ಲಿ ಸಿಡ್ನಿಲಿ ನಮ್ಮ ಕರಾವಳಿ ಕಡೆ ಹುಡುಗರು ಯಾರು ಸ್ಪಿಯರ್‌ಫಿಶಿಂಗ್ ಶುರು ಮಾಡಿದ್ರೂ ಯೂಟ್ಯೂಬಲ್ಲಿ ಇಟಲಿಯವರ ವಿಡಿಯೋ ನೋಡ್ಕೊಂಡು ಬಂದು "ನ್ಯೂಮ್ಯಾಟಿಕ್ (ಗಾಳಿ ಗನ್) ಭಾರೀ ಪವರ್ ಅಂತೆ ಮಾರಾಯ್ರೆ" ಅಂತಲೇ ಶುರು ಮಾಡ್ತಾರೆ, ಅವರಿಗೋಸ್ಕರ ಸ್ವಲ್ಪ ಉದ್ದ ಬರೀತಿದೀನಿ.

ಪವರ್ ಇರೋದು ನಿಜಾನೇ. ಗಾಳಿ ಗನ್ ಒಳಗೆ ಒಂದು ಪಿಸ್ಟನ್, ಅದರ ಹಿಂದೆ ಒತ್ತಿ ತುಂಬಿದ ಗಾಳಿ. ಹ್ಯಾಂಡ್ ಪಂಪಲ್ಲಿ ನೂರಾರು ಸಲ ಹೊಡೆದು ಸುಮಾರು 20 ಬಾರ್‌ಗೆ (ಹೊರಗಿನ ಗಾಳಿ ಒತ್ತಡದ ಹೆಚ್ಚುಕಮ್ಮಿ 20 ಪಟ್ಟು) ತಂದಿಡ್ಬೇಕು, ಒಂದ್ಸಲ ತುಂಬಿದ್ರೆ ಸೀಲ್ ಚೆನ್ನಾಗಿದ್ರೆ ತಿಂಗಳುಗಟ್ಟಲೆ ಇರುತ್ತೆ, ಶಾಟ್ ಹೊಡೆದಾಗ ಗಾಳಿ ಹೊರಗೇನೂ ಹೋಗಲ್ಲ, ಅದೇ ಗಾಳಿ ಒಳಗೇ ಇರುತ್ತೆ. ರಬ್ಬರ್‌ನಲ್ಲಿ ಬಿಟ್ಟ ತಕ್ಷಣ ಜೋರು ಎಳೆತ, ಆಮೇಲೆ ಕಮ್ಮಿ ಆಗ್ತಾ ಹೋಗುತ್ತೆ. ಗಾಳಿಲಿ ಹಾಗಲ್ಲ, ಬ್ಯಾರೆಲ್ ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಥರ ತಳ್ತಾನೇ ಇರುತ್ತೆ, ಅದಕ್ಕೇ ಮೊಳಕೈ ಉದ್ದದ ಗಾಳಿ ಗನ್ ಕೂಡ ಅಷ್ಟು ಜೋರಾಗಿ ಹೊಡೆಯೋದು. ಮೆಡಿಟರೇನಿಯನ್ ಕಡೆಯವರು ಬಂಡೆ ಬಿಲದೊಳಗೆ ತಲೆ ಹಾಕಿ ಗ್ರೂಪರ್ ಹುಡುಕೋರು, ಅವರಿಗೆ ಗಿಡ್ಡ ಗನ್ ಬೇಕು, ಹಾಗಾಗಿ ಮಾರೆಸ್ ಕಂಪನಿಯ ಸ್ಟೆನ್ ಅನ್ನೋ ಗಾಳಿ ಗನ್ ಅಲ್ಲಿ ಮನೆಮಾತಾಗಿದೆ.

ಈಗ ಲೋಡ್ ಮಾಡೋ ವಿಷ್ಯಕ್ಕೆ ಬನ್ನಿ. 13 ಮಿಮೀ ಬ್ಯಾರೆಲ್, 20 ಬಾರ್ ಅಂದ್ರೆ ಪಿಸ್ಟನ್ ಮೇಲೆ ಸುಮಾರು 27 ಕೆಜಿ ಒತ್ತಡ. ದೊಡ್ಡ ಅಕ್ಕಿ ಮೂಟೆ ತೂಕ ಅಂದ್ಕೊಳಿ, ಅದನ್ನ ನೀರಲ್ಲಿ ತೇಲ್ತಾ, ಅಲೆ ಅಲ್ಲಾಡಿಸ್ತಿರೋವಾಗ, ಒಂದು ಸಣ್ಣ ಹ್ಯಾಂಡಲ್ ಹಿಡ್ಕೊಂಡು ಒಳಗೆ ತಳ್ಬೇಕು. ಗನ್ನಿನ ಹಿಂಭಾಗ ಪಾದದ ಮೇಲೋ ತೊಡೆ ಮೇಲೋ ಊರಿ, ಶಾಫ್ಟಿನ (ಅಂದ್ರೆ ಈಟಿಯ) ಚೂಪು ತುದಿಗೆ ಲೋಡರ್ ಅನ್ನೋ ಆ ಹ್ಯಾಂಡಲ್ ಸಿಕ್ಕಿಸಿ, ಮೇಲಿಂದ ಕೆಳಗೆ ಒತ್ತೋದು. ಅಂದ್ರೆ ಈಟಿ ಮೊನೆ ನಿಮ್ಮ ಕಡೆಗೇ ಇರುತ್ತೆ! ಪೂರ್ತಿ ಒಳಗೆ ಹೋದಾಗ "ಕ್ಲಿಕ್" ಅಂತ ಸಿಗ್ಬೇಕು, ಅದು ಸಿಗೋ ಮೊದಲು ಕೈ ಜಾರಿದ್ರೆ ಶಾಫ್ಟ್ ಸೀದಾ ವಾಪಸ್. ಮುಖ ಪಕ್ಕಕ್ಕೆ ಇಟ್ಕೊಳೋದನ್ನ ಅಭ್ಯಾಸ ಮಾಡ್ಕೊಳ್ಲೇಬೇಕು, ಇದರಲ್ಲಿ ರಾಜಿ ಇಲ್ಲ. ರಬ್ಬರ್ ಗನ್ನೂ ಸುಲಭ ಅಂತಲ್ಲ, ಎದೆಗೆ ಊರ್ಕೊಂಡು ಎರಡೂ ಕೈಲಿ ಎಳೀಬೇಕು, ವೆಟ್‌ಸೂಟಲ್ಲಿ ಎದೆ ಪ್ಯಾಡ್ ಇಲ್ಲದಿದ್ರೆ ಮರುದಿನ ಮೂಳೆ ನೋಯುತ್ತೆ, ಆದ್ರೆ ಮೊನೆ ಆ ಕಡೆ ಇರುತ್ತೆ ಅನ್ನೋ ಸಮಾಧಾನ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು. ರಬ್ಬರ್ ಗನ್ ಲೋಡ್ ಆಗಿದ್ಯಾ ಇಲ್ವಾ ಅಂತ ಹತ್ತು ಅಡಿ ದೂರದಲ್ಲಿರೋ ಸ್ನೇಹಿತನಿಗೂ ಕಾಣುತ್ತೆ, ಬ್ಯಾಂಡ್ ಎಳೆದು ಕೂತಿರುತ್ತೆ. ಗಾಳಿ ಗನ್ನಲ್ಲಿ ಶಾಫ್ಟ್ ಎಷ್ಟು ಹೊರಗಿದೆ ಅಂತ ಕಣ್ಣಿಟ್ಟು ನೋಡಿದ್ರೆ ಮಾತ್ರ ಗೊತ್ತಾಗೋದು. ಒಬ್ಬ ಮುಳುಗಿದ್ರೆ ಒಬ್ಬ ಮೇಲೆ ಕಾಯೋದು ನಮ್ಮ ರೂಲ್, ಉಸಿರು ಹಿಡಿದು ಬ್ಲ್ಯಾಕೌಟ್ ಆದ್ರೆ, ಅಂದ್ರೆ ಪ್ರಜ್ಞೆ ತಪ್ಪಿದ್ರೆ, ಎತ್ತೋಕೆ ಯಾರಾದ್ರೂ ಬೇಕಲ್ಲ, ಆ ಮೇಲಿರೋನಿಗೆ ಕೆಳಗಿನ ಗನ್ ಸ್ಥಿತಿ ಕಾಣದೆ ಇದ್ರೆ ಹೇಗೆ.

ಗುರಿ ವಿಷ್ಯದಲ್ಲೂ ರಬ್ಬರ್ರೇ ಮುಂದೆ ಅಂತೀನಿ. ಶಾಫ್ಟ್ ರೈಲ್ ಮೇಲೆ ಕಣ್ಣೆದುರೇ ಮಲಗಿರುತ್ತೆ, ಅದರ ಗುಂಟ ನೋಡಿದ್ರೆ ಮೀನು. ಗಾಳಿ ಗನ್ನಲ್ಲಿ ಶಾಫ್ಟ್ ದಪ್ಪ ಟ್ಯಾಂಕಿನ ಒಳಗೆ, ನೀವು ನೋಡೋದು ಟ್ಯಾಂಕಿನ ಬೆನ್ನು, ಕೈ ಕೂರೋಕೆ ಸಮಯ ಬೇಕು. ಸದ್ದೂ ಇದೆ, ಪಿಸ್ಟನ್ ಹೋಗಿ ಮುಂದೆ ಬಡಿದಾಗ "ಟಕ್" ಅಂತ ಗಟ್ಟಿ ಶಬ್ದ, ಹೊಡೆದ ಮೀನು ಬಿದ್ರೂ ಪಕ್ಕದಲ್ಲಿದ್ದವು ಜಾಗ ಖಾಲಿ ಮಾಡ್ತಾವೆ. ಬ್ಯಾರೆಲ್ ಒಳಗೆ ನೀರು ಬರದ ಹಾಗೆ ಮಾಡೋ ಡ್ರೈ ಮಜಲ್ ಅನ್ನೋ ಮೂತಿ ಹಾಕಿಸಿದ್ರೆ ಅದೇ ಒತ್ತಡಕ್ಕೆ ಶಾಫ್ಟ್ ಇನ್ನೂ ಜೋರಾಗಿ ಹೋಗುತ್ತೆ, ಒಪ್ಕೋತೀನಿ, ಆದ್ರೆ ಅಲ್ಲಿಗೆ ಇನ್ನೊಂದು ಸೀಲ್ ನೋಡ್ಕೊಳೋ ಕೆಲಸ ಜಾಸ್ತಿ ಆಯ್ತು.

ಕೆಟ್ಟಾಗ ಏನ್ಮಾಡ್ತೀರಿ ಅನ್ನೋದೇ ನನ್ನ ಪ್ರಕಾರ ಅಸಲಿ ಪ್ರಶ್ನೆ. ನನ್ನ ರಾಬ್ ಅಲೆನ್ ಕಂಪನಿ ಗನ್ನಿನ ರಬ್ಬರ್ ಬಿಸಿಲಿಗೆ ಸೀಳು ಬಿಟ್ರೆ (ಸನ್‌ಸ್ಕ್ರೀನ್ ಎಣ್ಣೆ ತಾಗಿದ್ರೂ ಹಾಳಾಗುತ್ತೆ, ನೆನಪಿರ್ಲಿ) 16 ಮಿಮೀ ಟ್ಯೂಬ್ ಕತ್ತರಿಸಿ, ಡೈನೀಮಾ ಅನ್ನೋ ಗಟ್ಟಿ ದಾರದ ವಿಶ್‌ಬೋನ್ (ಶಾಫ್ಟಿಗೆ ಸಿಕ್ಕಿಸೋ ಕುಣಿಕೆ) ಒಳಗೆ ಹಾಕಿ ಬಿಗಿಯಾಗಿ ಕಟ್ಟಿದ್ರೆ ಮುಗೀತು, ಅಡುಗೆಮನೆ ಟೇಬಲ್ ಮೇಲೇ ಆಗೋ ಕೆಲಸ. ಕಾರಲ್ಲಿ ಒಂದು ಸ್ಪೇರ್ ಬ್ಯಾಂಡ್ ಇದ್ರೆ ದಿನ ಹಾಳಾಗಲ್ಲ. ನನ್ನ ಗಾಳಿ ಗನ್ ಕಥೆ ಬೇರೆ. ಚಳಿಗಾಲ ಪೂರ್ತಿ ಗ್ಯಾರೇಜಲ್ಲಿ ಇದ್ದು, ಹೊರಗೆ ತೆಗೆದಾಗ ಅರ್ಧ ಗಾಳಿ ಇಳಿದಿತ್ತು, ಸರ್ವಿಸ್‌ಗೆ ಕೊಟ್ರೆ ಓ ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಬರ್ಬೇಕು ಅಂತ ವಾರಗಟ್ಟಲೆ ಕಾಯ್ಸಿದ್ರು, ಅಷ್ಟರಲ್ಲಿ ಸಮುದ್ರ ತಿಳಿಯಾಗಿದ್ದ ದಿನಗಳೆಲ್ಲ ಹೋಗೇಬಿಟ್ವು. ನೀವೇ ಬಿಚ್ತೀನಿ ಅಂದ್ರೂ ಮೊದಲು ಗಾಳಿ ಪೂರ್ತಿ ಬಿಡ್ಬೇಕು, ಬಿಡದೆ ಬಿಚ್ಚಿದ್ರೆ ಪಾರ್ಟು ಹಾರಿ ಮುಖಕ್ಕೇ ಬರುತ್ತೆ. ಎರಡನ್ನೂ ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೀರಿ, ಅದನ್ನ ಬೇರೆ ಹೇಳ್ಬೇಕಾಗಿಲ್ಲ.

ಹಾಗಂತ ಗಾಳಿ ಗನ್ ಮಾರಿಲ್ಲ. ಮಳೆ ಬಂದು ನೀರು ಕದಡಿ ಎರಡು ಮೀಟರ್ ಆಚೆ ಏನೂ ಕಾಣದ ದಿನ, ಬೇರ್ ಐಲ್ಯಾಂಡ್ ಕಡೆ ಬಂಡೆ ಸಂದಿಲಿ ರೆಡ್ ಮೋರ್‌ವಾಂಗ್ ಮೀನು ನೋಡೋಕೆ ಅದಕ್ಕಿಂತ ಒಳ್ಳೇದಿಲ್ಲ, ಉದ್ದ ಗನ್ ತಿರುಗಿಸೋಕೇ ಜಾಗ ಇರಲ್ಲ ಅಲ್ಲಿ. ಪವರ್ ಕಮ್ಮಿ ಮಾಡೋ ಲಿವರ್ ಇರೋ ಮಾಡೆಲ್ ಸಿಕ್ರೆ ಅದೇ ತಗೊಳಿ, ಹತ್ತಿರದ ಬಂಡೆಗೆ ಹೊಡೆದು ಮೊನೆ ಮುರ್ಕೊಳೋದು ತಪ್ಪುತ್ತೆ. ಕಿಂಗ್‌ಫಿಶ್‌ಗೆ ಮಾತ್ರ ದಾರದ ರೀಲ್ ಹಾಕಿದ ಉದ್ದ ರಬ್ಬರ್ ಗನ್ನೇ. ಇದು ನಮ್ಮೂರಲ್ಲಿ ಕಿಂಗ್‌ಫಿಶ್ ಅನ್ನೋ ಅಂಜಲ್ ಅಲ್ಲ, ಬೇರೆ ಮೀನು, 65 ಸೆಂಟಿಮೀಟರ್‌ಗಿಂತ ಗಿಡ್ಡದ್ದು ಹೊಡೆಯಂಗಿಲ್ಲ, ಆದ್ರೂ ಕುಂದಾಪ್ರ ಮಸಾಲೆ ಹಾಕಿ ಕಾಯ್ಸಿದ್ರೆ ಯಾರೂ ಬೇಡ ಅನ್ನಲ್ಲ.

ಯಾವ ಗನ್ ಆದ್ರೂ ನ್ಯೂ ಸೌತ್ ವೇಲ್ಸ್ ಕಾನೂನು ಒಂದೇ: ಫಿಶಿಂಗ್ ಫೀ ಕಟ್ಟಿರ್ಬೇಕು, ಸ್ಕೂಬಾ (ಉಸಿರಾಡೋ ಸಿಲಿಂಡರ್) ಹಾಕ್ಕೊಂಡು ಸ್ಪಿಯರ್ ಮಾಡಂಗಿಲ್ಲ, ಸಮುದ್ರ ಬೀಚುಗಳಲ್ಲಿ ಎರಡೂ ತುದಿಯ 20 ಮೀಟರ್ ಬಿಟ್ಟು ಬೇರೆಲ್ಲೂ ಇಲ್ಲ, ಮ್ಯಾನ್ಲಿಯ ಕ್ಯಾಬೇಜ್ ಟ್ರೀ ಬೇ ಅನ್ನೋ ಸಮುದ್ರಜೀವಿಗಳ ಮೀಸಲು ಜಾಗದ ಕಡೆಗಂತೂ ಗನ್ ತಗೊಂಡು ಹೋಗ್ಲೇಬೇಡಿ. ಬ್ಲೂ ಗ್ರೋಪರ್ ಮೀನು ಮುಟ್ಟಂಗಿಲ್ಲ. ಅದು ನಾಯಿಮರಿ ಥರ ಹತ್ತಿರ ಬಂದು ಮುಖ ನೋಡುತ್ತೆ, ಹೊಡೆಯೋಕೆ ಮನಸ್ಸಾದ್ರೂ ಹೆಂಗೆ ಬರುತ್ತೋ ಜನಕ್ಕೆ.

ಸೆಕೆಂಡ್ ಹ್ಯಾಂಡ್ ಗಾಳಿ ಗನ್ ಅಗ್ಗಕ್ಕೆ ಸಿಗ್ತಿದೆ ಅಂತ ಮನಸ್ಸು ಎಳೆದ್ರೆ, ಮಾರೋರ ಎದುರೇ ಪಂಪ್ ಹೊಡೆಸಿ, ಶಾಫ್ಟ್ ಹಾಕದೆ ಬಾತ್‌ಟಬ್ ನೀರಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ನೋಡಿ, ಟ್ರಿಗರ್ ಸುಮ್ಸುಮ್ನೆ ಎಳೀಬೇಡಿ. ಹ್ಯಾಂಡಲ್ ಹತ್ರನೋ ಮೂತಿ ಹತ್ರನೋ ಒಂದೊಂದೇ ಗುಳ್ಳೆ ಏಳ್ತಿದ್ರೆ ಥ್ಯಾಂಕ್ಸ್ ಹೇಳಿ ವಾಪಸ್ ಬನ್ನಿ.